ರಿಪೋರ್ಟಿನಲ್ಲಿ ‘ಸ್ಕ್ವಾಮಸ್ ಸೆಲ್’ ಎಂದಿದ್ದರೆ: ಹುಣ್ಣು ಕಂಡ ದಿನದಿಂದ ಕರೆಂಟ್ (ರೇಡಿಯೇಷನ್) ಮುಗಿಯುವತನಕ

ಪ್ಯಾಥಾಲಜಿ ರಿಪೋರ್ಟಿನ ಕೊನೆಗೆ ದಪ್ಪಕ್ಷರದಲ್ಲಿ ‘ಮಾಡರೇಟ್ಲಿ ಡಿಫರೆನ್ಶಿಯೇಟೆಡ್ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ’ ಎಂದು ಬರೆದಿರುತ್ತದೆ. ಅಂದರೆ ಚಪ್ಪಟೆ ಕೋಶದ ಕ್ಯಾನ್ಸರ್. ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ಮನೆಗಳಿಗೆ ಈ ಸಾಲು ಬರುವುದು ಬಹಳ ಸಲ ಬಾಯಿಯಿಂದ ತೆಗೆದ ತುಣುಕಿನಿಂದ. ಹೆಂಗಸರಲ್ಲಿ ಗರ್ಭಚೀಲದ ಬಾಯಿಯಿಂದಲೂ (ಗರ್ಭಕಂಠ) ಬರುತ್ತದೆ. ಓದಿದವರು ಕೇಳುವ ಮೊದಲ ಪ್ರಶ್ನೆ ‘ಇದಕ್ಕ ಔಷಧ ಏನ್ರಿ?’ ಎಂಬುದು. ಆ ಒಂದು ಸಾಲಿನಲ್ಲಿ ಅದಕ್ಕೆ ಉತ್ತರವಿಲ್ಲ. ಯಾವ ಜಾತಿಯ ಕೋಶ ಕೆಟ್ಟಿದೆ ಎಂಬುದಷ್ಟೇ ಅದರಲ್ಲಿದೆ. ಎಲ್ಲಿ ಕೆಟ್ಟಿದೆ, ಎಷ್ಟು ಆಳಕ್ಕೆ ಇಳಿದಿದೆ, ಕುತ್ತಿಗೆಯಲ್ಲಿ ಎಲ್ಲರಿಗೂ ಇರುವ ಸಣ್ಣ ಗಂಟುಗಳಿಗೆ (ಲಿಂಫ್ ನೋಡ್) ಹೋಗಿದೆಯೇ ಎಂಬುದು ತಿಳಿದ ಮೇಲೆಯೇ ಚಿಕಿತ್ಸೆ ಗೊತ್ತಾಗುವುದು.

ಇನ್ನೊಂದು ಸಂಗತಿ ಯಾವ ರಿಪೋರ್ಟಿನಲ್ಲೂ ಅಚ್ಚಾಗುವುದಿಲ್ಲ. ಅದು ದಿನಗಳ ಲೆಕ್ಕ. ನಮ್ಮ ಕಡೆ ಈ ಕಾಯಿಲೆ ಕೈಮೀರುವುದು ದಿನ ಕಳೆದುಹೋದದ್ದರಿಂದಲೇ ಹೆಚ್ಚು. ಅದಕ್ಕಾಗಿ ಕೆಳಗೆ ಹಂತ ಹಂತಕ್ಕೂ ಎಷ್ಟು ದಿನ ಎಂದು ಬರೆದಿದೆ. ಗೋಡೆಯ ಕ್ಯಾಲೆಂಡರ್ ಇಳಿಸಿ ಪಕ್ಕಕ್ಕಿಟ್ಟುಕೊಂಡು ಓದಿ.

ಉಂಡೆಯಿಂದ ರೊಟ್ಟಿ

ಸ್ಕ್ವಾಮಸ್ ಎಂದರೆ ಹುರುಪೆಯಂತೆ ಚಪ್ಪಟೆಯಾದದ್ದು. ಜೋಳದ ರೊಟ್ಟಿ ಬಡಿಯುವುದನ್ನು ನೆನೆಸಿಕೊಂಡರೆ ಈ ಕೋಶ ಅರ್ಥವಾಗುತ್ತದೆ. ಬಾಯಿಯ ಒಳಪದರದ ತಳದ ಸಾಲಿನಲ್ಲಿ ಕೋಶಗಳು ಹಿಟ್ಟಿನ ಉಂಡೆಯ ಹಾಗೆ ದುಂಡಗಿರುತ್ತವೆ. ಅಲ್ಲಿ ಹುಟ್ಟಿದವು ಮೇಲಕ್ಕೆ ಸರಿದಂತೆಲ್ಲ ಬಡಿದ ರೊಟ್ಟಿಯಂತೆ ಅಗಲವಾಗಿ, ತೆಳ್ಳಗಾಗಿ, ಒಂದರ ಮೇಲೊಂದು ಪೇರಿಕೊಂಡು, ಕೊನೆಗೆ ಉದುರಿ ಹೋಗುತ್ತವೆ. ಉಂಡೆ ಸಾಲಿಗೂ ಕೆಳಗಿನ ಮಾಂಸಕ್ಕೂ ನಡುವೆ ಒಂದು ತೆಳು ಪೊರೆ ಇದೆ. ಕೋಶಗಳು ಪೊರೆಯ ಮೇಲೆಯೇ ಕೆಟ್ಟು ನಿಂತಿದ್ದರೆ ರಿಪೋರ್ಟಿನಲ್ಲಿ ‘ಡಿಸ್‌ಪ್ಲೇಸಿಯಾ’ ಅಥವಾ ‘ಇನ್ ಸಿಟು’ ಎಂದು ಬರುತ್ತದೆ. ಪೊರೆ ಹರಿದು ಕೆಳಗಿಳಿದರೆ ‘ಇನ್ವೇಸಿವ್’ ಎಂಬ ಶಬ್ದ ಸೇರುತ್ತದೆ. ರಿಪೋರ್ಟ್ ಕೈಗೆ ಬಂದಾಗ ಮೊದಲು ಹುಡುಕಬೇಕಾದ ಶಬ್ದ ಇದೇ.

ಇಂಥ ಪದರ ಚರ್ಮ, ತುಟಿ, ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಗರ್ಭಕಂಠದ ಹೊರಭಾಗ, ಯೋನಿ, ಶಿಶ್ನ, ಗುದದ್ವಾರಗಳಲ್ಲಿದೆ. ಶ್ವಾಸಕೋಶದ ಕೊಳವೆಗಳಲ್ಲಿ ಇದು ಹುಟ್ಟಿನಿಂದ ಇರುವುದಿಲ್ಲ. ವರ್ಷಗಟ್ಟಲೆ ಬೀಡಿಯ ಹೊಗೆ ತಾಗಿ ತಾಗಿ ಅಲ್ಲಿನ ಪದರ ಸ್ಕ್ವಾಮಸ್ ಆಗಿ ಮಾರ್ಪಾಡಾಗುತ್ತದೆ, ಆಮೇಲೆ ಕೆಡುತ್ತದೆ.

‘ಮಾಡರೇಟ್ಲಿ’ ಎಂಬ ಶಬ್ದ ನೋಡಿ ‘ನಡುವಿನ ಸ್ಟೇಜ್’ ಎಂದು ತಿಳಿಯುವವರು ಬಹಳ. ಅದು ಸ್ಟೇಜ್ ಅಲ್ಲ, ಗ್ರೇಡ್. ಕೆಟ್ಟ ಕೋಶ ತನ್ನ ಮೂಲ ರೂಪವನ್ನು ಎಷ್ಟು ಉಳಿಸಿಕೊಂಡಿದೆ ಎಂಬ ಅಳತೆ. ‘ವೆಲ್’ ಇದ್ದರೆ ಮುತ್ತಿನಂಥ ಕೆರಾಟಿನ್ ಸುರುಳಿಗಳು ಇನ್ನೂ ಕಾಣುತ್ತವೆ, ‘ಪೂರ್ಲಿ’ ಇದ್ದರೆ ಗುರುತೇ ಸಿಗದಷ್ಟು ಕೆಟ್ಟಿವೆ. ಸ್ಟೇಜ್ ಗೊತ್ತಾಗುವುದು ಸ್ಕ್ಯಾನ್ ಆದ ಮೇಲೆ.

ಬಾಯಿ ನೋಡಿಕೊಳ್ಳುವುದು, ತುಣುಕು ತೆಗೆಸುವುದು

ನಿಪ್ಪಾಣಿ ಸುತ್ತ ತಂಬಾಕು ಬೆಳೆಯುವ ನಾಡು ನಮ್ಮದು. ತಂಬಾಕಿಗೆ ಸುಣ್ಣ ತಿಕ್ಕಿ ಗಲ್ಲದ ಸಂದಿಗೆ ಇಟ್ಟುಕೊಳ್ಳುವುದು, ಹುರಿದ ತಂಬಾಕಿನ ಮಶೇರಿಯಿಂದ ಹಲ್ಲು ತಿಕ್ಕುವುದು, ಮಾವಾ, ಗುಟ್ಕಾ ಎಲ್ಲವೂ ಇವೆ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಮಾಡಿ ಮಾರುತ್ತಾರೆ, ಬಾಯಲ್ಲಿ ಎರಡೂ ಒಂದಾಗುತ್ತವೆ. ‘ನಾ ಬರೇ ಅಡಕಿ ತಿಂತೀನಿ, ತಂಬಾಕು ಮುಟ್ಟೂದಿಲ್ಲ’ ಎಂಬ ಸಮಾಧಾನವೂ ಬೇಡ. ಅಡಿಕೆಯೊಂದೇ ಸಾಕು ಕ್ಯಾನ್ಸರ್ ತರಲು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2003ರಲ್ಲೇ ತೀರ್ಮಾನಿಸಿದೆ. ಅಡಿಕೆಯಿಂದ ಗಲ್ಲದ ಒಳಮೈ ಹಗ್ಗದಂತೆ ಬಿಗಿದು, ಬಾಯಿ ತೆರೆಯಲಾಗದ ಸ್ಥಿತಿಯೂ ಬರುತ್ತದೆ. ಖಾರ ತಾಗಿದರೆ ಉರಿ, ಸೀಟಿ ಹೊಡೆಯಲಾಗದಿರುವುದು ಇದರ ಮೊದಲ ಗುರುತು.

ತಿಂಗಳಿಗೊಮ್ಮೆ ಬೆಳಗಿನ ಬಿಸಿಲಿಗೆ ಮುಖಮಾಡಿ ಬಾಗಿಲಲ್ಲಿ ಕೂತು, ಕೈ ತೊಳೆದುಕೊಂಡು ಕನ್ನಡಿ ಹಿಡಿಯಿರಿ. ಮೊದಲು ಮೂರು ಬೆರಳನ್ನು ಒಂದರ ಮೇಲೊಂದು ಬರುವಂತೆ ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ತೂರಿಸಿ. ಹೋಗದಿದ್ದರೆ ಬಾಯಿ ಬಿಗಿದಿದೆ ಎಂದೇ ಲೆಕ್ಕ. ಆಮೇಲೆ ಬೆರಳಿನಿಂದ ಗಲ್ಲವನ್ನು ಹೊರಕ್ಕೆ ಎಳೆದು, ತಂಬಾಕು ಇಡುವ ಜಾಗವನ್ನು ನೋಡಿ. ನಾಲಿಗೆ ಹೊರಚಾಚಿ ತುದಿಯನ್ನು ಬಟ್ಟೆಯಿಂದ ಹಿಡಿದು ಎಡಕ್ಕೂ ಬಲಕ್ಕೂ ಎಳೆದು ಅಂಚು ನೋಡಿ, ನಾಲಿಗೆ ಎತ್ತಿ ಅಡಿ ನೋಡಿ. ಕೊನೆಗೆ ತೋರುಬೆರಳು ಒಳಗೆ, ಹೆಬ್ಬೆರಳು ಹೊರಗೆ ಇಟ್ಟು ಗಲ್ಲವನ್ನು ಇಂಚಿಂಚಾಗಿ ಒತ್ತಿ. ಒಳ್ಳೆಯ ಗಲ್ಲ ನಾದಿದ ಕಣಕದಂತೆ ಮೆತ್ತಗಿರುತ್ತದೆ. ಕ್ಯಾನ್ಸರ್ ಹುಣ್ಣಿನ ಅಂಚು ಉಬ್ಬಿ, ಬುಡ ಗಟ್ಟಿಯಾಗಿ ಕೈಗೆ ಸಿಗುತ್ತದೆ. ತಿಕ್ಕಿದರೆ ಹೋಗದ ಬಿಳಿ ಕಲೆ, ಅದಕ್ಕಿಂತ ಹೆಚ್ಚಾಗಿ ಮಖಮಲ್ಲಿನಂಥ ಕೆಂಪು ಕಲೆ ಕಂಡರೆ ತೋರಿಸಲೇಬೇಕು. ನೋವಿಲ್ಲ ಎಂಬುದು ನೆಮ್ಮದಿಯ ಮಾತಲ್ಲ. ಮೊದಮೊದಲು ಇದು ಬಹಳ ಸಲ ನೋಯುವುದೇ ಇಲ್ಲ.

ಜನ ‘ಹೊಟ್ಟೆಯ ಉಷ್ಣ’ದ್ದು ಎನ್ನುವ ಸಾದಾ ಹುಣ್ಣು, ಚೂಪು ಹಲ್ಲು ತಾಗಿ ಆದ ಹುಣ್ಣು ಸಾಮಾನ್ಯವಾಗಿ ಎರಡು ವಾರದಲ್ಲಿ ಮಾಯುತ್ತದೆ. ಮೂರನೇ ವಾರಕ್ಕೂ ಉಳಿದರೆ ತುಣುಕು ತೆಗೆಸಬೇಕು (ಬಯಾಪ್ಸಿ). ಇಲ್ಲಿ ಆಗುವ ತಪ್ಪುಗಳು ಎರಡು. ಬಿ-ಕಾಂಪ್ಲೆಕ್ಸ್ ಗುಳಿಗೆ, ಹಚ್ಚುವ ಜೆಲ್ ಎಂದು ಮೂರು ತಿಂಗಳು ಕಳೆಯುವುದು ಒಂದು. ಇನ್ನೊಂದು ಇದಕ್ಕಿಂತ ಕೆಟ್ಟದ್ದು: ವಸಡಿನ ಗಡ್ಡೆಯಿಂದಾಗಿ ಅಲುಗಾಡುವ ಹಲ್ಲನ್ನು ಸುಮ್ಮನೆ ಕೀಳಿಸಿಬಿಡುವುದು. ಕಿತ್ತ ಗುಂಡಿ ಮಾಯುವುದಿಲ್ಲ, ಅದೇ ದಾರಿಯಲ್ಲಿ ರೋಗ ಎಲುಬಿಗೆ ಇಳಿಯುತ್ತದೆ. ಹಲ್ಲು ಕಿತ್ತ ಜಾಗ ಎರಡು ವಾರದಲ್ಲಿ ಮುಚ್ಚದಿದ್ದರೆ ಅದನ್ನೂ ಹುಣ್ಣೆಂದೇ ತಿಳಿದು ತೋರಿಸಿ.

ತುಣುಕು ತೆಗೆಯುವುದು ಜೋಮು ಹಿಡಿಸುವ ಸೂಜಿ ಹಾಕಿ ಮಾಡುವ ಹತ್ತು-ಹದಿನೈದು ನಿಮಿಷದ ಕೆಲಸ. ಹುಣ್ಣಿನ ನಡುವಿನ ಸತ್ತ ಮಾಂಸ ತೆಗೆದರೆ ಪ್ಯಾಥಾಲಜಿಸ್ಟ್‌ಗೆ ಕೀವು, ಕೊಳೆ ಬಿಟ್ಟರೆ ಏನೂ ಕಾಣುವುದಿಲ್ಲ. ಅಂಚಿನಿಂದ, ಸ್ವಲ್ಪ ಆಳಕ್ಕೆ ತೆಗೆಯಬೇಕು. ರಿಪೋರ್ಟಿನಲ್ಲಿ ‘ಇನ್‌ಅಡಿಕ್ವೇಟ್’ ಅಥವಾ ‘ನೆಕ್ರೋಟಿಕ್’ ಎಂದಿದ್ದು ಹುಣ್ಣು ಹಾಗೇ ಇದ್ದರೆ ‘ಕ್ಯಾನ್ಸರ್ ಇಲ್ಲ’ ಎಂದರ್ಥವಲ್ಲ, ಮತ್ತೊಮ್ಮೆ ತೆಗೆಯಬೇಕು ಎಂದರ್ಥ. ತುಣುಕನ್ನು ಬೇರೆ ಲ್ಯಾಬಿಗೆ ನೀವೇ ಒಯ್ಯಬೇಕಾಗಿ ಬಂದರೆ ಅದು 10 ಪ್ರತಿಶತ ಫಾರ್ಮಲಿನ್‌ನಲ್ಲಿ ಮುಳುಗಿದೆಯೇ ನೋಡಿ. ಸಲೈನಿನಲ್ಲಿ ಇಟ್ಟು ವಿಜಯಪುರದಿಂದ ಬೆಳಗಾವಿಗೆ ಬಸ್ಸಿನಲ್ಲಿ ಒಯ್ದರೆ ದಾರಿಯಲ್ಲೇ ಕೊಳೆಯುತ್ತದೆ. ಬಾಟಲಿಯ ಮೈಮೇಲೆ ಹೆಸರು, ವಯಸ್ಸು, ಯಾವ ಬದಿ, ಯಾವ ಜಾಗ ಎಂದು ಬರೆದಿರಬೇಕು. ಮುಚ್ಚಳದ ಮೇಲೆ ಬರೆದರೆ ಮುಚ್ಚಳ ಅದಲುಬದಲಾಗುತ್ತದೆ.

‘ಚುಚ್ಚಿದರ ಹರಡ್ತೈತಿ’ ಎಂದು ಹೆದರಿಸುವವರು ಪ್ರತಿ ಊರಲ್ಲೂ ಸಿಗುತ್ತಾರೆ. ತುಣುಕು ತೆಗೆದದ್ದರಿಂದ ಬಾಯಿಯ ಕ್ಯಾನ್ಸರ್ ಹರಡುವುದಿಲ್ಲ. ತೆಗೆಸಿದ ಮೇಲೆ ರಿಪೋರ್ಟನ್ನು ಹಾಸಿಗೆಯ ಕೆಳಗಿಟ್ಟು ಎರಡು ತಿಂಗಳು ಕೂತರೆ ಹರಡುತ್ತದೆ, ಆಗ ಅಪವಾದ ಬರುವುದು ಸೂಜಿಯ ಮೇಲೆ. ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಮತ್ತು ಅದರ ಗಾಜಿನ ಸ್ಲೈಡ್‌ಗಳನ್ನು ಲ್ಯಾಬಿನಿಂದ ಬರೆಸಿಕೊಂಡು ಪಡೆದಿಟ್ಟುಕೊಳ್ಳಿ. ಬೇರೆ ದವಾಖಾನೆಗೆ ಹೋದರೆ ಮೊದಲು ಕೇಳುವುದು ಅವನ್ನೇ, ಕಾಗದವನ್ನಲ್ಲ. ಬ್ಲಾಕ್ ಮೇಣದ್ದು, ಮೇ ತಿಂಗಳ ಬಿಸಿಲಲ್ಲಿ ಕಾರಿನಲ್ಲಿ ಬಿಟ್ಟು ಹೋಗಬೇಡಿ.

ಸ್ಟೇಜ್ ಅಳೆಯುವುದು

ಗಲ್ಲ, ವಸಡು, ದವಡೆಗೆ ಬಣ್ಣದ ಔಷಧ ಕೊಟ್ಟು ತೆಗೆಯುವ ಸಿ.ಟಿ. ಸ್ಕ್ಯಾನ್, ನಾಲಿಗೆಗೆ ಎಂ.ಆರ್.ಐ. ಹೆಚ್ಚು ಹೇಳುತ್ತವೆ. ಮುಖ, ಕುತ್ತಿಗೆಯ ಜೊತೆ ಎದೆಯನ್ನೂ ಸೇರಿಸಿ ತೆಗೆಸಿದರೆ ಇನ್ನೊಮ್ಮೆ ಓಡಾಟ ತಪ್ಪುತ್ತದೆ. ಬಣ್ಣದ ಔಷಧಕ್ಕೆ ಮುಂಚೆ ಮೂತ್ರಪಿಂಡ ಹೇಗಿದೆ ಎಂದು ಹೇಳುವ ರಕ್ತದ ಕ್ರಿಯಾಟಿನಿನ್ ನೋಡಬೇಕು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಅದನ್ನು ಮೊದಲೇ ಹೇಳಬೇಕು. ಇಡೀ ಮೈ ನೋಡುವ ಪೆಟ್ ಸ್ಕ್ಯಾನ್ ಎಲ್ಲರಿಗೂ ಬೇಕಿಲ್ಲ.

ಹುಣ್ಣಿನ ಗಾತ್ರ 2 ಸೆಂ.ಮೀ. ಒಳಗೆ, ಆಳ 5 ಮಿ.ಮೀ. ಒಳಗೆ ಇದ್ದರೆ ಟಿ1 (ಟಿ ಎಂದರೆ ಗಡ್ಡೆಯ ಅಳತೆ). ಗಾತ್ರ 4 ಸೆಂ.ಮೀ. ದಾಟಿದರೆ ಅಥವಾ ಆಳ 10 ಮಿ.ಮೀ. ಮೀರಿದರೆ ಟಿ3 ಅಥವಾ ಅದಕ್ಕಿಂತ ಮೇಲೆ. ದವಡೆಯ ಎಲುಬನ್ನು ಕೊರೆದಿದ್ದರೆ, ಗಲ್ಲದ ಹೊರ ಚರ್ಮಕ್ಕೆ ಬಂದಿದ್ದರೆ ಟಿ4. ಕುತ್ತಿಗೆಯ ಒಂದು ಗಂಟಿಗೆ ಹೋಗಿದ್ದರೂ ಕಡೇಪಕ್ಷ ಮೂರನೇ ಸ್ಟೇಜ್. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಬಾಯಿಯ ಕ್ಯಾನ್ಸರಿನಲ್ಲಿ ‘4ಎ’ ಎಂದರೆ ಕೈಬಿಟ್ಟದ್ದು ಎಂದಲ್ಲ. ಅದು ಆಪರೇಷನ್ ಮಾಡಿ, ಕರೆಂಟ್ ಕೊಟ್ಟು ಗುಣಪಡಿಸಲೆಂದೇ ಚಿಕಿತ್ಸೆ ಮಾಡುವ ಹಂತ. ‘ನಾಲ್ಕನೇ ಸ್ಟೇಜು’ ಎಂದು ಕೇಳಿದೊಡನೆ ಮನೆಗೆ ಕರೆದುಕೊಂಡು ಹೋದ ಎಷ್ಟೋ ಮಂದಿ ಆಪರೇಷನ್ ಮೇಜಿನ ಮೇಲೆ ಇರಬೇಕಾದವರು.

ಆಪರೇಷನ್

ಬಾಯಿಯ ಸ್ಕ್ವಾಮಸ್ ಕ್ಯಾನ್ಸರಿಗೆ ಮೊದಲ ಚಿಕಿತ್ಸೆ ಚಾಕು. ಗಂಟಲಿನ ಒಳಗಾದರೆ, ಧ್ವನಿಪೆಟ್ಟಿಗೆಗಾದರೆ ಮೊದಲೇ ಕರೆಂಟ್ ಕೊಟ್ಟು ಅಂಗ ಉಳಿಸುವುದುಂಟು, ಬಾಯಿಯಲ್ಲಿ ಸಾಮಾನ್ಯವಾಗಿ ಹಾಗಲ್ಲ. ಹುಣ್ಣಿನ ಸುತ್ತ ಒಂದು ಸೆಂ.ಮೀ.ನಷ್ಟು ಒಳ್ಳೆಯ ಮಾಂಸ ಸೇರಿಸಿ ತೆಗೆಯುತ್ತಾರೆ. ತೆಗೆದ ಮಾಂಸ ಕುಗ್ಗುವುದರಿಂದ ಸೂಕ್ಷ್ಮದರ್ಶಕದಲ್ಲಿ ಅಂಚು 5 ಮಿ.ಮೀ. ಉಳಿದರೆ ಸರಿ ಎನ್ನುತ್ತಾರೆ. ಅದಕ್ಕಿಂತ ಕಡಿಮೆ ಇದ್ದರೆ ‘ಕ್ಲೋಸ್’, ಅಂಚಿನಲ್ಲೇ ರೋಗ ಇದ್ದರೆ ‘ಪಾಸಿಟಿವ್’.

‘ಕುತ್ತಿಗ್ಯಾಗ ಗಂಟೇ ಇಲ್ಲ, ಅಲ್ಯಾಕ ಕೊಯ್ತೀರಿ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಕೈಗೆ ಸಿಗದ ಗಂಟಿನಲ್ಲೂ ರೋಗದ ಕಣ ಇರಬಹುದು. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಇದನ್ನೇ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ಆರಂಭದ ಹಂತದ ಬಾಯಿ ಕ್ಯಾನ್ಸರಿನಲ್ಲಿ ಮೊದಲೇ ಕುತ್ತಿಗೆಯ ಗಂಟು ತೆಗೆಸಿಕೊಂಡವರಲ್ಲಿ ಮೂರು ವರ್ಷಕ್ಕೆ ಬದುಕಿದ್ದವರು 80 ಪ್ರತಿಶತ, ಗಂಟು ಕಂಡಮೇಲೆ ತೆಗೆದರಾಯಿತು ಎಂದು ಕಾದವರಲ್ಲಿ 67.5 ಪ್ರತಿಶತ. ಜಗತ್ತಿನ ವೈದ್ಯರು ನೆಚ್ಚಿಕೊಂಡಿರುವ ಲೆಕ್ಕವಿದು, ಹುಟ್ಟಿದ್ದು ನಮ್ಮ ಪಕ್ಕದ ಊರಿನಲ್ಲಿ.

ತೆಗೆದ ಜಾಗ ತುಂಬಲು ಎದೆಯ ಸ್ನಾಯು, ಮುಂಗೈಯ ಚರ್ಮ ಅಥವಾ ಮೀನಖಂಡದ ಪಕ್ಕದ ಸಣ್ಣ ಎಲುಬು ಬಳಸುತ್ತಾರೆ. ಕೈ ಅಥವಾ ಕಾಲಿನಿಂದ ತಂದ ತುಂಡಿನ ರಕ್ತನಾಳವನ್ನು ಕುತ್ತಿಗೆಯಲ್ಲಿ ಹೊಲಿದಿರುತ್ತಾರೆ. ಮೊದಲ ಎರಡು-ಮೂರು ದಿನ ಅದರ ಬಣ್ಣವನ್ನು ತಾಸಿಗೊಮ್ಮೆ ನೋಡುತ್ತಾರೆ. ನೀಲಿಗಟ್ಟಿದರೆ ರಾತ್ರಿಯಾದರೂ ಮತ್ತೆ ಒಳಗೆ ಒಯ್ಯುತ್ತಾರೆ. ಆ ದಿನಗಳಲ್ಲಿ ಕುತ್ತಿಗೆ ತಿರುವಬಾರದು. ತಂಬಾಕಂತೂ ಮುಟ್ಟಲೇಬಾರದು, ನಿಕೋಟಿನ್ ಆ ಸಣ್ಣ ನಾಳಗಳನ್ನು ಬಿಗಿಗೊಳಿಸುತ್ತದೆ. ಎದೆಯ ಸ್ನಾಯು ಹಾಕಿಸಿಕೊಂಡ ಗಂಡಸರು ಕೆಲ ವಾರಗಳಲ್ಲಿ ಬಾಯೊಳಗೆ ಕೂದಲು ಬೆಳೆದದ್ದು ಕಂಡು ಗಾಬರಿಯಾಗುತ್ತಾರೆ. ಅದು ಎದೆಯ ಕೂದಲು. ಕರೆಂಟ್ ಕೊಟ್ಟ ಮೇಲೆ ಬಹುತೇಕ ಉದುರುತ್ತದೆ.

ತೆಗೆದ ಭಾಗದ ರಿಪೋರ್ಟಿಗೆ ಏಳರಿಂದ ಹತ್ತು ದಿನ ಹಿಡಿಯುತ್ತದೆ. ಎಲುಬು ಸೇರಿದ್ದರೆ ಅದನ್ನು ಆಮ್ಲದಲ್ಲಿ ನೆನೆಸಿ ಮೆದುಗೊಳಿಸಬೇಕು, ಇನ್ನಷ್ಟು ದಿನ ಬೇಕು. ಅಂಚು ಎಷ್ಟು, ಆಳ ಎಷ್ಟು, ಎಷ್ಟು ಗಂಟಿನಲ್ಲಿ ರೋಗ, ಗಂಟಿನ ಸಿಪ್ಪೆ ಒಡೆದು ಹೊರಬಂದಿದೆಯೇ, ನರದ ಸುತ್ತ ಹಬ್ಬಿದೆಯೇ ಎಂಬ ಐದನ್ನು ಅದರಲ್ಲಿ ಕೇಳಿ ತಿಳಿದುಕೊಳ್ಳಿ. ಅಂಚಿನಲ್ಲಿ ರೋಗ ಇದ್ದರೆ ಅಥವಾ ಗಂಟಿನ ಸಿಪ್ಪೆ ಒಡೆದಿದ್ದರೆ ಕರೆಂಟಿನ ಜೊತೆ ಕೀಮೋ ಸೇರುತ್ತದೆ. ಉಳಿದ ದೋಷಗಳಿಗೆ ಕರೆಂಟ್ ಒಂದೇ. ಏನೂ ಇಲ್ಲದ ಚಿಕ್ಕ ಹುಣ್ಣಾದರೆ ಆಪರೇಷನ್ನಿಗೇ ಮುಗಿಯಿತು.

ಕರೆಂಟ್ ಕೊಡುವುದು

ರೇಡಿಯೇಷನ್‌ಗೆ ನಮ್ಮ ಕಡೆ ಕರೆಂಟ್ ಎನ್ನುತ್ತಾರೆ. ಶಾಕ್ ಹೊಡೆಯುತ್ತದೆಂದು ಅದಕ್ಕೇ ಹೆದರುತ್ತಾರೆ ಕೂಡ. ಕೊಡುವಾಗ ಶಾಕ್ ಇಲ್ಲ, ಸುಡುವುದೂ ಇಲ್ಲ, ಎಕ್ಸ್‌ರೇ ತೆಗೆದಂತೆ ಮಲಗಿ ಏಳುವುದು. ಆಪರೇಷನ್ ಆದವರಿಗೆ ಸಾಮಾನ್ಯವಾಗಿ 60 ಗ್ರೇ (ಗ್ರೇ ಎಂದರೆ ಕರೆಂಟಿನ ಅಳತೆ), ದಿನಕ್ಕೆ 2 ಗ್ರೇಯಂತೆ 30 ಸಲ, ವಾರಕ್ಕೆ ಐದು ದಿನ, ಒಟ್ಟು ಆರು ವಾರ. ಆಪರೇಷನ್ ಇಲ್ಲದೆ ಕರೆಂಟನ್ನೇ ನೆಚ್ಚಿದ್ದರೆ 66ರಿಂದ 70 ಗ್ರೇ, ಏಳು ವಾರ.

ಎರಡು ತಾರೀಖು ಗುರುತು ಹಾಕಿ. ಆಪರೇಷನ್ ಆದ ದಿನದಿಂದ ಆರು ವಾರದೊಳಗೆ ಮೊದಲ ಕರೆಂಟ್ ಬೀಳಬೇಕು. ಮೊದಲ ಕರೆಂಟಿನಿಂದ ಕೊನೆಯದರವರೆಗೆ ಬಿಡುವು ಬೀಳಬಾರದು. ಉಳಿದ ಕ್ಯಾನ್ಸರ್ ಕೋಶಗಳು ಮೂರು-ನಾಲ್ಕನೇ ವಾರದ ಹೊತ್ತಿಗೆ ಹಟ ಹಿಡಿದು ಬೇಗ ಬೇಗ ಬೆಳೆಯತೊಡಗುತ್ತವೆ. ಆ ಹೊತ್ತಿನಲ್ಲಿ ತಪ್ಪಿಸಿದ ಒಂದೊಂದು ದಿನಕ್ಕೂ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಒಂದರಿಂದ ಒಂದೂವರೆ ಪ್ರತಿಶತ ಇಳಿಯುತ್ತದೆ. ಜಾತ್ರೆ, ಕಬ್ಬು ಕಡಿಸುವುದು, ದ್ರಾಕ್ಷಿ ಚಾಟನಿ, ಮದುವೆ ಎಂದು ಒಂದು ವಾರ ಊರಿಗೆ ಹೋದರೆ ಕಳೆಯುವುದು ಎಷ್ಟೆಂದು ನೀವೇ ಲೆಕ್ಕ ಹಾಕಿ. ಮಷಿನ್ ಕೆಟ್ಟೋ, ಜ್ವರ ಬಂದೋ ದಿನ ತಪ್ಪಿದರೆ ಸುಮ್ಮನಿರಬೇಡಿ. ಶನಿವಾರ ಕೊಡುವುದು, ಇಲ್ಲವೆ ಕನಿಷ್ಠ ಆರು ತಾಸಿನ ಅಂತರದಲ್ಲಿ ದಿನಕ್ಕೆ ಎರಡು ಸಲ ಕೊಡುವುದು ಸಾಧ್ಯವೇ ಎಂದು ಡಾಕ್ಟರನ್ನು ಕೇಳಿ.

ಕರೆಂಟಿಗೆ ಮುಂಚೆ ಹಲ್ಲು ತೋರಿಸಿ. ಕೆಟ್ಟ ಹಲ್ಲುಗಳನ್ನು ಕಡೇಪಕ್ಷ 10ರಿಂದ 14 ದಿನ ಮೊದಲೇ ಕೀಳಬೇಕು, ವಸಡು ಮುಚ್ಚಲು ಅಷ್ಟು ದಿನ ಬೇಕು. ಕರೆಂಟ್ ಬಿದ್ದ ದವಡೆಯಲ್ಲಿ ರಕ್ತ ಓಡಾಟ ಕಡಿಮೆಯಾಗಿರುತ್ತದೆ. ಆಮೇಲೆ ಯಾವತ್ತು ಹಲ್ಲು ಕಿತ್ತರೂ ಎಲುಬು ಸತ್ತು ಹೊರಬರುವ ಭಯ ಇರುತ್ತದೆ. ಇದು ಐದು ವರ್ಷದ ಮೇಲೂ ಹೋಗುವುದಿಲ್ಲ. ನಂತರ ಬಿಸಿನೀರಲ್ಲಿ ಮೆದುವಾಗುವ ಪ್ಲಾಸ್ಟಿಕ್ ಜಾಳಿಗೆಯನ್ನು ಮುಖದ ಮೇಲೆ ಒತ್ತಿ ಅಚ್ಚು ತೆಗೆಯುತ್ತಾರೆ. ಅದೇ ಮಾಸ್ಕ್, ತಲೆ ಅಲುಗದಂತೆ ಹಿಡಿಯುವುದು ಅದು. ಅಚ್ಚು ತೆಗೆದ ದಿನ ದಾಡಿ ಹೇಗಿತ್ತೋ ಕೊನೆಯವರೆಗೆ ಹಾಗೇ ಇರಲಿ. ತೂಕ ಬಹಳ ಇಳಿದರೆ ಮಾಸ್ಕ್ ಸಡಿಲಾಗಿ ಗುರಿ ತಪ್ಪುತ್ತದೆ, ಮತ್ತೆ ಸ್ಕ್ಯಾನ್, ಮತ್ತೆ ಅಚ್ಚು. ಪ್ರತಿ ಸೋಮವಾರ ಅದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ.

ಎರಡನೇ ವಾರದ ಕೊನೆಗೆ ರುಚಿ ಹೋಗುತ್ತದೆ, ಬಾಯಿ ಕೆಂಪಾಗುತ್ತದೆ. ಮೂರನೇ ವಾರದಿಂದ ಬಿಳಿ ಪೊರೆ ಕಟ್ಟಿದ ಹುಣ್ಣು, ಅಂಟು ಲೋಳೆ. ಇದು ಕ್ಯಾನ್ಸರ್ ಹೆಚ್ಚಾದದ್ದಲ್ಲ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಚಹಾ ಚಮಚ ಉಪ್ಪು, ಒಂದು ಚಹಾ ಚಮಚ ಅಡಿಗೆ ಸೋಡಾ ಹಾಕಿ, ಎಚ್ಚರವಿರುವಾಗ ಎರಡು ತಾಸಿಗೊಮ್ಮೆ ಬಾಯಿ ಮುಕ್ಕಳಿಸಿ ಉಗುಳಿ. ದಿನಾ ಹೊಸದಾಗಿ ಮಾಡಿಕೊಳ್ಳಿ. ಬೇಕಿಂಗ್ ಪೌಡರ್ ಬೇರೆ, ಸೋಡಾ ಬೇರೆ, ಅಂಗಡಿಯಲ್ಲಿ ನೋಡಿ ತನ್ನಿ. ಪೇಟೆಯ ಉರಿಯುವ ಮೌತ್‌ವಾಶ್ ಬೇಡ. ಕುತ್ತಿಗೆಗೆ ಎಣ್ಣೆ, ಅರಿಶಿನ, ಸುಣ್ಣ, ಬಿಸಿ ಶಾಖ ಯಾವುದೂ ಬೇಡ. ಕಾಲರ್ ಇಲ್ಲದ ಹತ್ತಿ ಅಂಗಿ ಹಾಕಿ. ಮೆಷಿನ್ನಿನಿಂದ ದಾಡಿ ಮಾಡಬಹುದು, ಬ್ಲೇಡ್ ಬೇಡ.

ಊಟ. ಖಡಕ್ ರೊಟ್ಟಿ, ರಂಜಕ, ಉಳ್ಳಾಗಡ್ಡಿ, ಹುಳಿ ಮಜ್ಜಿಗೆ ಮೂರು ತಿಂಗಳು ಮರೆಯಬೇಕು. ಜೋಳದ ನುಚ್ಚು, ಹೆಸರುಬೇಳೆ, ತತ್ತಿ, ಹಾಲು, ತುಪ್ಪ, ಜೊತೆಗೆ ಸೋಸಿದ ಶೇಂಗಾ ಪುಡಿ. ಲೆಕ್ಕ ಹೀಗೆ: ಕಿಲೋ ತೂಕಕ್ಕೆ ದಿನಕ್ಕೆ 30 ಕ್ಯಾಲೊರಿ, 1.2ರಿಂದ 1.5 ಗ್ರಾಂ ಪ್ರೋಟೀನ್. 50 ಕಿಲೋ ಇರುವವರಿಗೆ 1500 ಕ್ಯಾಲೊರಿ, 60ರಿಂದ 75 ಗ್ರಾಂ ಪ್ರೋಟೀನ್. ಒಂದು ತತ್ತಿಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಅಷ್ಟೇ. ಬರೀ ಗಂಜಿ, ಎಳನೀರಿನಲ್ಲಿ ಇದು ತುಂಬುವುದಿಲ್ಲ. ಸಲೈನ್ ಹಚ್ಚಿಸಿದರೆ ಶಕ್ತಿ ಬರುತ್ತದೆ ಎಂಬ ನಂಬಿಕೆಯೂ ನೀರಿನ ಮೇಲಿನ ನಂಬಿಕೆ: ಅದರಲ್ಲಿ ಉಪ್ಪುನೀರು, ಬಹಳವೆಂದರೆ ಸ್ವಲ್ಪ ಸಕ್ಕರೆ.

ನುಂಗಲಾಗದಿದ್ದರೆ ಮೂಗಿನ ಕೊಳವೆ ಬೇಗ ಹಾಕಿಸಿಕೊಳ್ಳುವುದೇ ಒಳ್ಳೆಯದು. ಅದರಲ್ಲಿ ಆಹಾರ ಕೊಡುವುದನ್ನು ಮನೆಯವರು ವಾರ್ಡಿನಲ್ಲಿ ಎರಡು ಸಲ ಮಾಡಿ ನೋಡಿ ಕಲಿಯಬೇಕು. ಕೊಳವೆಯ ಮೇಲೆ ಮೂಗಿನ ಹತ್ತಿರದ ಗುರುತು ನಿನ್ನೆ ಇದ್ದಲ್ಲೇ ಇದೆಯೇ ಎಂದು ಮೊದಲು ನೋಡಿ. ಹೊರಗೆ ಜಾರಿದ್ದರೆ ಏನನ್ನೂ ಹಾಕಬೇಡಿ, ನೀವೇ ಒಳಗೆ ತಳ್ಳಲೂ ಬೇಡಿ, ಶ್ವಾಸನಾಳಕ್ಕೆ ಹೋದೀತು. ರೋಗಿಯನ್ನು ಕೂರಿಸಿ. 30 ಮಿ.ಲೀ. ನೀರು, ಆಮೇಲೆ 200ರಿಂದ 250 ಮಿ.ಲೀ. ಉಗುರು ಬೆಚ್ಚಗಿನ ಆಹಾರ, ಹದಿನೈದು-ಇಪ್ಪತ್ತು ನಿಮಿಷದಲ್ಲಿ ತಾನಾಗಿ ಇಳಿಯುವಂತೆ, ಕೊನೆಗೆ ಮತ್ತೆ 30 ಮಿ.ಲೀ. ನೀರು. ಕೆಮ್ಮು ಬಂದರೆ ತಕ್ಷಣ ನಿಲ್ಲಿಸಿ. ಮುಗಿದ ಮೇಲೆ ಅರ್ಧದಿಂದ ಒಂದು ತಾಸು ಮಲಗಿಸಬೇಡಿ. ಎರಡು-ಮೂರು ತಾಸಿಗೊಮ್ಮೆ ಹೀಗೆ. ಕೊಳವೆ ಕಟ್ಟುವುದು ಹೆಚ್ಚಾಗಿ ಎರಡು ಕಾರಣಕ್ಕೆ, ಸೋಸದ ಶೇಂಗಾ ಪುಡಿ ಮತ್ತು ಒರಟಾಗಿ ಕುಟ್ಟಿದ ಗುಳಿಗೆ. ಹಿಟ್ಟು ಸೋಸುವ ವಸ್ತ್ರದಲ್ಲಿ ಎರಡು ಸಲ ಸೋಸಿ. ಗುಳಿಗೆಗಳನ್ನು ಆಹಾರದಲ್ಲಿ ಬೆರೆಸದೆ ಒಂದೊಂದನ್ನೂ ಬೇರೆ ಬೇರೆ ನೀರಿನಲ್ಲಿ ಕರಗಿಸಿ ಹಾಕಿ. ಕೆಲವು ಗುಳಿಗೆಗಳನ್ನು ಕುಟ್ಟಲೇಬಾರದು, ಕೇಳಿ ಹಾಕಿ.

ಕೀಮೋ ಸೇರಿದಾಗ

ಕರೆಂಟಿನ ಜೊತೆ ಕೊಡುವ ಮುಖ್ಯ ಔಷಧ ಸಿಸ್‌ಪ್ಲಾಟಿನ್. ಮೂರು ವಾರಕ್ಕೊಮ್ಮೆ ಮೈಯ ಚದರ ಮೀಟರಿಗೆ 100 ಮಿ.ಗ್ರಾಂ., ಇಲ್ಲವೆ ವಾರಕ್ಕೊಮ್ಮೆ 40 ಮಿ.ಗ್ರಾಂ. ಐದಡಿ ಮೂರಿಂಚು ಎತ್ತರ, 50 ಕಿಲೋ ತೂಕದ ಆಳಿನ ಮೈ ಸುಮಾರು 1.5 ಚದರ ಮೀಟರ್, ವಾರಕ್ಕೆ 60 ಮಿ.ಗ್ರಾಂ. ಆಯಿತು. ಈ ಔಷಧ ಮೂತ್ರಪಿಂಡಕ್ಕೂ ಕಿವಿಗೂ ಹೊಡೆತ. ಅದಕ್ಕಾಗಿಯೇ ಮುಂಚೆಯೂ ನಂತರವೂ ಸಲೈನ್ ಬಾಟಲಿಗಳು. ಪ್ರತಿ ಸಲಕ್ಕೂ ಮೊದಲು ರಕ್ತಕಣಗಳ ಎಣಿಕೆ, ಕ್ರಿಯಾಟಿನಿನ್ ಆಗಬೇಕು. ಕಿವಿಯಲ್ಲಿ ಗುಂಯ್ ಎನ್ನುವುದು, ಮೂತ್ರ ಕಡಿಮೆಯಾಗುವುದು ಕಂಡರೆ ಮುಂದಿನ ಡೋಸಿಗೆ ಮುಂಚೆಯೇ ಹೇಳಿ. ಬೆನ್ನುನೋವಿಗೆಂದು ಮೆಡಿಕಲ್ ಅಂಗಡಿಯ ಡೈಕ್ಲೋಫೆನಾಕ್ ನುಂಗಬೇಡಿ.

ಕೀಮೋ ಆಗಿ ಏಳರಿಂದ ಹದಿನಾಲ್ಕು ದಿನದ ನಡುವೆ ಬಿಳಿ ರಕ್ತಕಣ ತಳ ಮುಟ್ಟುತ್ತದೆ. ಆಗ ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಮಧ್ಯರಾತ್ರಿಯಾದರೂ ದವಾಖಾನೆಗೆ ಹೊರಡಬೇಕು. ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನ ಬಸ್ಸಿಗೆ ಹೋದರಾಯಿತು ಎಂದರೆ ಕೆಲವೇ ತಾಸಿನಲ್ಲಿ ರಕ್ತಕ್ಕೆ ಸೋಂಕು ಏರುತ್ತದೆ. ಥರ್ಮಾಮೀಟರ್ ಮನೆಯಲ್ಲಿರಲಿ.

ರೋಗ ಮರುಕಳಿಸಿ ಆಪರೇಷನ್ನಿಗೆ ಬಾರದಂತಾದವರಿಗೆ ಟಾಟಾ ಮೆಮೋರಿಯಲ್‌ನವರದೇ ಇನ್ನೊಂದು ದಾರಿ ಇದೆ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಗುಳಿಗೆ, ದಿನಾ ಸೆಲೆಕಾಕ್ಸಿಬ್. ಮನೆಯಲ್ಲೇ ನುಂಗುವಂಥದ್ದು, ಅಗ್ಗದ್ದು. 2020ರ ಅವರ ಅಧ್ಯಯನದಲ್ಲಿ ಇದು ಸೂಜಿಯ ಸಿಸ್‌ಪ್ಲಾಟಿನ್‌ಗಿಂತ ಹೆಚ್ಚು ದಿನ ಬದುಕಿಸಿತು: ಗುಳಿಗೆಯವರು 7.5 ತಿಂಗಳು, ಸೂಜಿಯವರು 6.1 ತಿಂಗಳು. ಇದಕ್ಕೆ ಮೂರನೇ ಔಷಧವಾಗಿ ಅರ್ಲೋಟಿನಿಬ್ ಗುಳಿಗೆ ಇರುವ ಚಿಕಿತ್ಸೆಗೆ, ಮೂರು ವಾರಕ್ಕೊಮ್ಮೆ ಬರೀ 20 ಮಿ.ಗ್ರಾಂ. ನಿವೊಲುಮ್ಯಾಬ್ (ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಸೂಜಿ) ಸೇರಿಸಿದಾಗ ವರ್ಷಕ್ಕೆ ಬದುಕಿದ್ದವರು 16.3ರಿಂದ 43.4 ಪ್ರತಿಶತಕ್ಕೆ ಏರಿದರು. ಪೂರ್ಣ ಡೋಸ್‌ನ ಖರ್ಚು ಕೇಳಿ ಎದೆಯೊಡೆದವರು ಈ ಸಣ್ಣ ಡೋಸ್ ಬಗ್ಗೆ ಡಾಕ್ಟರರ ಹತ್ತಿರ ವಿಚಾರಿಸಬೇಕು. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆಯ ಗುಳಿಗೆ, ಮರೆತು ದಿನಾ ನುಂಗಿದರೆ ಪ್ರಾಣಕ್ಕೆ ಕುತ್ತು. ವಾರದ ಯಾವ ದಿನ ಎಂದು ಪೊಟ್ಟಣದ ಮೇಲೆ ಬರೆಸಿ.

ಅದೇ ಕೋಶ, ಬೇರೆ ಜಾಗ

ಗರ್ಭಕಂಠದ ಸ್ಕ್ವಾಮಸ್ ಕ್ಯಾನ್ಸರಿಗೆ ಮೂಲ ಎಚ್.ಪಿ.ವಿ. ವೈರಸ್, ಅದರಲ್ಲೂ 16 ಮತ್ತು 18ನೇ ಬಗೆ. ಮುಟ್ಟು ನಿಂತ ಮೇಲೆ ರಕ್ತ, ಗಂಡ ಕೂಡಿದ ಮೇಲೆ ರಕ್ತ, ವಾಸನೆಯ ಬಿಳುಪು ಇದ್ದರೆ ಕಾಯಬಾರದು. ಚಿಕ್ಕದಿದ್ದಾಗ ಆಪರೇಷನ್. ಗಡ್ಡೆ 4 ಸೆಂ.ಮೀ. ದಾಟಿದರೆ ಆಪರೇಷನ್ ಬಿಟ್ಟು ಹೊರಗಿನಿಂದ 45ರಿಂದ 50 ಗ್ರೇ ಕರೆಂಟ್, ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್, ಆಮೇಲೆ ಒಳಗಿನಿಂದ ಕೊಡುವ ಬ್ರೇಕಿಥೆರಪಿ. ಎಲ್ಲ ಸೇರಿ ಎಂಟು ವಾರದಲ್ಲಿ ಮುಗಿಯಬೇಕು. ಹೊರಗಿನ ಕರೆಂಟಿಗೇ ರಕ್ತ ನಿಂತಿತೆಂದು ಬ್ರೇಕಿಥೆರಪಿಗೆ ಬಾರದೆ ಉಳಿದವರಲ್ಲಿ ರೋಗ ಮರಳುತ್ತದೆ. ಗುಣವಾಗುವುದು ಆ ಕೊನೆಯ ಭಾಗದಿಂದಲೇ. ಗರ್ಭಚೀಲ ತೆಗೆಸುವ ಮುಂಚೆ ಕಂಠದ ತಪಾಸಣೆ ಆಗಿರಬೇಕು. ಕ್ಯಾನ್ಸರ್ ಎಂದು ಗೊತ್ತಿಲ್ಲದೆ ಸಾದಾ ಆಪರೇಷನ್ ಮಾಡಿಬಿಟ್ಟರೆ ಮುಂದಿನ ಚಿಕಿತ್ಸೆ ಬಹಳ ತೊಡಕು.

ಅನ್ನನಾಳಕ್ಕಾದರೆ ಮೊದಲು ರೊಟ್ಟಿ, ಆಮೇಲೆ ಅನ್ನ, ಆಮೇಲೆ ನೀರೂ ತೊಡರುತ್ತದೆ. ಎಂಡೋಸ್ಕೋಪಿಯಲ್ಲೇ ತುಣುಕು. ಆಪರೇಷನ್ನಿಗೆ ತಕ್ಕವರಿಗೆ ಮುಂಚೆ 41.4 ಗ್ರೇ ಕರೆಂಟನ್ನು 23 ಸಲ, ಜೊತೆಗೆ ವಾರಕ್ಕೊಮ್ಮೆ ಕಾರ್ಬೊಪ್ಲಾಟಿನ್-ಪ್ಯಾಕ್ಲಿಟ್ಯಾಕ್ಸೆಲ್ ಕೀಮೋ, ಕೆಲ ವಾರ ಬಿಟ್ಟು ಆಪರೇಷನ್. ತಾಳದವರಿಗೆ 50.4 ಗ್ರೇ. ಗುದದ್ವಾರದ್ದಾದರೆ ಕರೆಂಟ್, ಜೊತೆಗೆ ಮೈಟೊಮೈಸಿನ್, 5-ಎಫ್.ಯು. ಎಂಬ ಕೀಮೋ ಔಷಧ ಸೇರಿ ಬಹಳ ಜನರಲ್ಲಿ ಆಪರೇಷನ್ ಇಲ್ಲದೆ ಗುಣ. ಗುದದ್ವಾರಕ್ಕಿಂತ ಮೇಲಿನ ಕರುಳಿನ ಗ್ರಂಥಿ ಕೋಶದ ಕ್ಯಾನ್ಸರಿಗೆ ಈ ಮಾತು ಸಲ್ಲುವುದಿಲ್ಲ. ಶ್ವಾಸಕೋಶದಲ್ಲಿ ‘ಸ್ಕ್ವಾಮಸ್’ ಎಂದು ಬಂದರೆ ಪೆಮೆಟ್ರೆಕ್ಸೆಡ್ ಎಂಬ ಔಷಧ ಕೊಡುವುದಿಲ್ಲ, ಅದು ಬೇರೆ ಕೋಶದ್ದು. ನಿವೊಲುಮ್ಯಾಬಿನಂಥ ಔಷಧ ನಾಟುವ ಸಾಧ್ಯತೆ ಎಷ್ಟೆಂದು ಹೇಳುವ ಪಿಡಿ-ಎಲ್1 ಪರೀಕ್ಷೆ ಕೇಳಿ.

ಚರ್ಮದ್ದು ಎಲ್ಲಕ್ಕಿಂತ ಸಲೀಸು. ಅಪಾಯ ಕಡಿಮೆಯಿದ್ದರೆ 4ರಿಂದ 6 ಮಿ.ಮೀ. ಅಂಚು ಬಿಟ್ಟು ತೆಗೆದರೆ ಮುಗಿಯಿತು. ಹಳೆಯ ಸುಟ್ಟ ಕಲೆಯ ಮೇಲೆ ವರ್ಷಗಳ ನಂತರ ಎದ್ದ ಹುಣ್ಣು, ಸೀರೆಯ ಲಂಗದ ಲಾಡಿ ಬಿಗಿದು ಕಪ್ಪಾದ ಸೊಂಟದ ಮೇಲಿನ ಮಾಯದ ಗಾಯ, ಇವೆರಡನ್ನು ಈ ಸೀಮೆಯಲ್ಲಿ ಮರೆಯಬಾರದು.

ಪಕ್ಕದ ಮನೆಯವರ ಸ್ತನದ, ಥೈರಾಯ್ಡಿನ, ರಕ್ತದ ಕ್ಯಾನ್ಸರಿನ ಚೀಟಿ ನೋಡಿ ‘ಅವರಿಗೆ ಗುಳಿಗೆಯಲ್ಲೇ ಹೋಯಿತು’ ಎನ್ನಬೇಡಿ. ಸ್ತನದ್ದು ಗ್ರಂಥಿಯ ಕೋಶ, ಬಹಳ ಜನರಲ್ಲಿ ಹಾರ್ಮೋನ್ ಗುಳಿಗೆ ಕೆಲಸ ಮಾಡುತ್ತದೆ. ಥೈರಾಯ್ಡಿನ ಕೋಶ ಅಯೋಡಿನ್ ಹೀರುತ್ತದೆ. ಸ್ಕ್ವಾಮಸ್ ಕೋಶ ಎರಡನ್ನೂ ಲೆಕ್ಕಿಸುವುದಿಲ್ಲ.

ಕಾರ್ಡು, ಊರು

ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ 2025ರ ಜನವರಿಯಲ್ಲಿ ಉದ್ಘಾಟನೆಯಾಗಿದೆ. ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ ಹಳೆಯದು. ಚಿಕ್ಕೋಡಿ, ಅಥಣಿ ಕಡೆಯವರು ಮಿರಜಕ್ಕೂ ಇಂಡಿ ಕಡೆಯವರು ಸೊಲ್ಲಾಪುರಕ್ಕೂ ಹೋಗುತ್ತಾರೆ. ಎಲ್ಲಿಗೆ ಹೋದರೂ ಆಪರೇಷನ್ ಮತ್ತು ಕರೆಂಟ್ ಎರಡೂ ಒಂದೇ ಊರಲ್ಲಿ ಆಗುತ್ತವೆಯೇ, ಕರೆಂಟಿಗೆ ಎಷ್ಟು ದಿನದ ಪಾಳಿ ಇದೆ ಎಂದು ಮೊದಲೇ ಕೇಳಿ. ಆಪರೇಷನ್ ಆದ ಮೇಲೆ ಕೇಳಿದರೆ ಆರು ವಾರ ಪಾಳಿಯಲ್ಲೇ ಹೋಗುತ್ತದೆ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜಿನ 30 ಪ್ರತಿಶತ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ರೇಷನ್ ಕಾರ್ಡ್, ಆಧಾರ್, ಸರ್ಕಾರಿ ದವಾಖಾನೆಯ ರೆಫರಲ್ ಚೀಟಿ, ಬಯಾಪ್ಸಿ ರಿಪೋರ್ಟ್ ಇಟ್ಟುಕೊಂಡು ಆಪರೇಷನ್ನಿಗೆ ಮುಂಚೆ ಮಂಜೂರಾತಿ ಪಡೆಯಬೇಕು. ದುಡ್ಡು ಕಟ್ಟಿ ಆಮೇಲೆ ಕೇಳಿದರೆ ಮರಳಿ ಸಿಗುವುದು ಕಷ್ಟ. ರೇಷನ್ ಕಾರ್ಡಿನಲ್ಲೂ ಆಧಾರಿನಲ್ಲೂ ಹೆಸರಿನ ಅಕ್ಷರ ಬೇರೆಯಿದ್ದರೆ ಅಡ್ಮಿಟ್ ಆಗುವ ಮುಂಚೆಯೇ ಸರಿಮಾಡಿಸಿ. ಮಹಾರಾಷ್ಟ್ರದ ದವಾಖಾನೆಗೆ ಹೋಗುವುದಾದರೆ ನಿಮ್ಮ ಚಿಕಿತ್ಸೆಗೆ ಕರ್ನಾಟಕದ ಕಾರ್ಡ್ ಅಲ್ಲಿ ನಡೆಯುತ್ತದೆಯೇ ಎಂದು ಫೋನ್ ಮಾಡಿ ಖಚಿತಮಾಡಿಕೊಳ್ಳಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಥರ್ಡ್ ಎ.ಸಿ.ಯಲ್ಲಿ ಟಿಕೆಟ್ ಉಚಿತ, ಜೊತೆಗಾರರಿಗೆ 75 ಪ್ರತಿಶತ ರಿಯಾಯಿತಿ. ಡಾಕ್ಟರರ ಸಹಿ-ಶಿಕ್ಕೆ ಇರುವ ಫಾರ್ಮ್ ಬೇಕು.

ಮುಗಿದ ಮೇಲೆ

ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಎರಡರಿಂದ ಆರು ತಿಂಗಳಿಗೊಮ್ಮೆ ತೋರಿಸಬೇಕು. ಮರುಕಳಿಸುವುದಿದ್ದರೆ ಹೆಚ್ಚಾಗಿ ಈ ಎರಡು ವರ್ಷದಲ್ಲೇ. ಕುತ್ತಿಗೆಗೆ ಕರೆಂಟ್ ಬಿದ್ದವರಿಗೆ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಥೈರಾಯ್ಡಿನ ಟಿ.ಎಸ್.ಎಚ್. ರಕ್ತಪರೀಕ್ಷೆ ಮಾಡಿಸಿ. ವರ್ಷದ ಮೇಲೆ ಸುಸ್ತು, ಮೈ ಊತ, ಚಳಿ ಎಂದರೆ ಬಹಳ ಸಲ ಥೈರಾಯ್ಡ್ ಮಂದವಾದದ್ದು. ಗುಳಿಗೆಯಿಂದ ಸರಿಹೋಗುತ್ತದೆ.

ಬಾಯಿ ಬಿಗಿಯದಿರಲು ಐಸ್‌ಕ್ಯಾಂಡಿ ಕಡ್ಡಿಗಳು ಸಾಕು. ಶುರು ಮಾಡುವ ದಿನವನ್ನು ಡಾಕ್ಟರ್ ಹೇಳಲಿ, ದವಡೆಗೆ ಪ್ಲೇಟ್ ಹಾಕಿದ್ದರೆ ತಡವಾಗುತ್ತದೆ. ತೊಳೆದ ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು, ಮುಂದಿನ ಹಲ್ಲುಗಳ ನಡುವೆ ಹಿಡಿಯುವಷ್ಟನ್ನು ತೂರಿಸಿ ಅರ್ಧ ನಿಮಿಷ ಹಿಡಿಯಿರಿ. ಬಿಡಿ, ಮತ್ತೆ ಹಿಡಿಯಿರಿ. ಹೀಗೆ ಐದು ಸಲ, ದಿನಕ್ಕೆ ಐದಾರು ಬಾರಿ. ಎಷ್ಟು ಕಡ್ಡಿ ಹಿಡಿದವು ಎಂದು ಭಾನುವಾರಕ್ಕೊಮ್ಮೆ ಅದೇ ಕ್ಯಾಲೆಂಡರಿನಲ್ಲಿ ಬರೆಯಿರಿ. 14 ಇದ್ದದ್ದು 11ಕ್ಕೆ ಇಳಿದರೆ ವ್ಯಾಯಾಮ ಕಡಿಮೆಯಾಗಿರಬಹುದು, ಒಳಗೆ ರೋಗ ಮರಳಿರಲೂಬಹುದು. ಮುಂದಿನ ತಾರೀಖಿಗೆ ಕಾಯದೆ ಆ ವಾರವೇ ಹೋಗಿ ತೋರಿಸಿ.